ಹಳದಿ ಅಂಗಿಯ ಮುಳುಗುಗಾರ

"ಪಟ್."

ಅಷ್ಟೇ. ಅವಳು ಕಣ್ಣು ಬಿಟ್ಟು ಇನ್ನೊಂದು ಸದ್ದಿಗಾಗಿ ಕಾದಳು. ನಲ್ಲಿಯಲ್ಲ, ನಲ್ಲಿ ತೊಟ್ಟಿಕ್ಕುವುದಾದರೆ ಒಂದಕ್ಕೇ ಬಿಡುವುದಿಲ್ಲ. ಇಲಿಯೂ ಅಲ್ಲ, ಇಲಿ ಒಂದು ಮಾತಾಡಿ ಸುಮ್ಮನಾಗುವ ಪ್ರಾಣಿಯಲ್ಲ. ಯಾರೋ ಕತ್ತಲಲ್ಲಿ ಅಂಗಿಯ ಗುಂಡಿಯೊಂದನ್ನು ಕಿತ್ತ ಹಾಗಿತ್ತು, ಅದೂ ನಡುಮನೆಯ ಕಡೆಯಿಂದ. ಪಕ್ಕದಲ್ಲಿ ಗಂಡ ಗೋಡೆಗೆ ಮುಖ ಮಾಡಿ ಮಲಗಿದ್ದ. ಸೂರು ಕಳಚಿ ಬಿದ್ದರೂ ಬೆಳಿಗ್ಗೆ ಎದ್ದು ಗುಡಿಸುವ ಪೈಕಿ ಅವನು.

ಎದ್ದು ಹೋಗಿ ಮೊದಲು ಗ್ಯಾಸ್ ಆರಿದೆಯೇ ಎಂದು ಮುಟ್ಟಿ ನೋಡಿದಳು. ಆಮೇಲೆ ಬಾಗಿಲ ಚಿಲಕ. ಅತ್ತೆಯ ಕೋಣೆಯ ಮುಂದೆ ನಿಂತು ಉಸಿರಾಟ ಕೇಳಿಸಿಕೊಂಡಳು. ಎಲ್ಲ ಸರಿಯಾಗಿತ್ತು. ಕೊನೆಗೆ ಮೊಬೈಲಿನ ಬೆಳಕನ್ನು ಗಾಜಿನ ಬೀರುವಿನ ಮೇಲೆ ಹಿಡಿದಳು. ಕೆಳಗಿನ ಎರಡು ಖಾನೆಗಳಲ್ಲಿ ಗಂಡ ಕೂಡಿಸಿಟ್ಟ ಹಳೆಯ ವಿಡಿಯೋ ಗೇಮಿನ ಕ್ಯಾಸೆಟ್ಟುಗಳು ಬೆನ್ನು ತೋರಿಸಿ ಸಾಲಾಗಿ ನಿಂತಿದ್ದವು. ಮೇಲಿನ ಖಾನೆಯಲ್ಲಿ ಒಂದೇ ಒಂದು ಡಬ್ಬ. ಅದರ ಮೇಲೆ ಹಳದಿ ಅಂಗಿ ತೊಟ್ಟ ಮುಳುಗುಗಾರನೊಬ್ಬ ಕೈಯಲ್ಲಿ ದೀಪ ಹಿಡಿದು ಕಪ್ಪು ನೀರಿಗೆ ಇಳಿಯುತ್ತಿದ್ದ. ಡಬ್ಬವನ್ನು ಬಿಗಿಯಾಗಿ ಸುತ್ತಿದ್ದ ತೆಳು ಪ್ಲಾಸ್ಟಿಕ್ಕು ಒಂದು ಮೂಲೆಯಲ್ಲಿ ಸೀಳಿ, ಒಣಗಿದ ತುಟಿಯ ಹಾಗೆ ಮೇಲೆದ್ದಿತ್ತು.

ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ ಅವಳು ವರ್ಷಗಟ್ಟಲೆ ಮಾಡಿದ ಕೆಲಸ ಒಂದೇ: ಸೀಲ್ ಒಡೆದಿದ್ದರೆ ತೆರೆದು ನೋಡು, ಒಳಗಿನದು ಸರಿಯಿಲ್ಲದಿದ್ದರೆ ಬೇರೆ ಇಡು. ತಲೆ ಬೇಡವೆನ್ನುವ ಮೊದಲೇ ಕೈ ಡಬ್ಬವನ್ನು ಇಳಿಸಿತ್ತು. ಸೀಳಿದ ಕಡೆಯಿಂದ ಮುಚ್ಚಳದ ಕಿವಿಯನ್ನು ಮೆಲ್ಲಗೆ ಎತ್ತಿದಳು.

ಒಳಗೆ ಕ್ಯಾಸೆಟ್ಟು ಇರಲಿಲ್ಲ. ಪಟ್ಟೆ ಪಟ್ಟೆಯ ದಿಂಬಿನ ಬಟ್ಟೆಯ ಗಂಟೊಂದಿತ್ತು. ಬಟ್ಟೆಯ ತುದಿಗಳನ್ನು ಹಳದಿ ದಾರದಿಂದ ಹೊಲಿದಿದ್ದರು. ಬೆರಳಿಂದ ಒತ್ತಿದಳು. ಗಟ್ಟಿ. ಹೊಲಿಗೆಯ ಸಂದಿಯಲ್ಲಿ ಬೆಳಕು ಬಿಟ್ಟು ನೋಡಿದರೆ, ಮರ. ನುಣ್ಣಗೆ ಉಜ್ಜಿ, ಅಂಚು ಗುಂಡಗೆ ಮಾಡಿದ ಮರದ ತುಂಡು.

ಕಿವಿಯನ್ನು ಮಡಿಸಿ ಒಳಗೆ ತಳ್ಳಿದಳು. ಸೀಳನ್ನು ಗೋಡೆಯ ಕಡೆಗೆ ತಿರುಗಿಸಿ ಡಬ್ಬವನ್ನು ಇದ್ದಲ್ಲೇ ಇಟ್ಟಳು. ಬೀರು ಮುಚ್ಚಿದ ಮೇಲೂ ಅಂಗೈಯಲ್ಲಿ ಅದರ ಭಾರ ಉಳಿದಿತ್ತು.

ಭಾನುವಾರ ಅದನ್ನು ಕೊಳ್ಳಲು, ಹಳೆಯ ಆಟಗಳನ್ನು ಕೂಡಿಸುವ ಹಲ್ಲಿನ ಡಾಕ್ಟರೊಬ್ಬರು ಬರುವವರಿದ್ದರು.

*

ಮಾವ ತಮ್ಮ ವಿಡಿಯೋ ಗೇಮಿನ ಅಂಗಡಿ ಮುಚ್ಚಿದ ಕಾಲಕ್ಕೆ ಆ ಕ್ಯಾಸೆಟ್ಟುಗಳನ್ನು ಕೊಳ್ಳುವವರೇ ಇರಲಿಲ್ಲವಂತೆ. ಹೊಸ ಯಂತ್ರ ಬಂದಿತ್ತು, ತಟ್ಟೆಯಂಥ ಡಿಸ್ಕು ಬಂದಿತ್ತು. ಒಂದು ಕೊಂಡರೆ ಒಂದು ಪುಕ್ಕಟೆ ಎಂದು ಬೋರ್ಡು ಬರೆದರು. ಕೊನೆಗೆ ಪುಕ್ಕಟೆಯೂ ಬೇಡವಾಯಿತು. ಕದ ಎಳೆಯುವ ದಿನ ಹೈಸ್ಕೂಲಿನಲ್ಲಿದ್ದ ಮಗ ಅಳುತ್ತ ನಿಂತಿದ್ದನಂತೆ. ಮಾವ ಕಪಾಟಿನಿಂದ ಮುಳುಗುಗಾರನನ್ನು ಇಳಿಸಿ ಅವನ ಕೈಗಿಟ್ಟು, "ತೆಗೀಬೇಡ. ಹಾಗೇ ಇಟ್ಕೋ," ಎಂದಿದ್ದರು. ಅವನು ತೆಗೆಯಲಿಲ್ಲ.

ಅವಳು ಮದುವೆಯಾಗಿ ಬಂದಾಗ ಅದರ ಬೆಲೆ ಒಂದು ಜೊತೆ ಚಪ್ಪಲಿಯಷ್ಟು. ಬರಬರುತ್ತ, ಆ ಆಟ ಆಡಿ ಬೆಳೆದ ಹುಡುಗರಿಗೆ ಸಂಬಳ ಬಂತು, ಹೊಟ್ಟೆ ಬಂತು, ಕೂದಲು ಹೋಯಿತು. ಕೂದಲನ್ನು ವಾಪಸು ತರಲಾಗದವರು ಕ್ಯಾಸೆಟ್ಟು ಹುಡುಕತೊಡಗಿದರು. ಡಬ್ಬ ಸೈಕಲ್ಲಿನ ಬೆಲೆಗೆ ಏರಿತು. ಜನರೆಲ್ಲ ರೋಗಕ್ಕೆ ಹೆದರಿ ಬಾಗಿಲು ಹಾಕಿಕೊಂಡು ಕೂತ ವರ್ಷ ಬೈಕಾಯಿತು, ನೋಡನೋಡುತ್ತ ಕಾರಾಯಿತು. ಈಗ ತಿಂಗಳಿಗೊಂದು ಚಕ್ರ ಕಳಚಿ ಬೀಳುತ್ತಿತ್ತು. ಗಂಡ ದಿನಾ ಸಂಜೆ, ಮಗುವಿನ ಜ್ವರ ನೋಡುವವನ ಹಾಗೆ, ಮೊಬೈಲು ನೋಡಿ ಹೇಳುತ್ತಿದ್ದ: "ಇವತ್ತೂ ಇಳಿದಿದೆ ಕಣೆ."

ಅವಳಿಗೆ ಈ ಲೆಕ್ಕ ಒಮ್ಮೆಯೂ ತಲೆಗೆ ಹತ್ತಿರಲಿಲ್ಲ. ಅವಳ ಕೌಂಟರಿನಲ್ಲಿ ಹಳೆಯದಾದದ್ದನ್ನು ಎಸೆಯುತ್ತಾರೆ. ಇಲ್ಲಿ ಹಳೆಯದಾದಷ್ಟೂ ಬೆಲೆ. ಆಡಿದ ಆಟಕ್ಕಿಂತ ಆಡದ ಆಟಕ್ಕೆ ಹತ್ತು ಪಾಲು ಹೆಚ್ಚು. ತೆರೆದರೆ ಬೆಲೆ ಹೋಗುತ್ತದೆ, ತೆರೆಯದಿದ್ದರೆ ಒಳಗೇನಿದೆ ಎಂದು ಗೊತ್ತಾಗುವುದಿಲ್ಲ. ಹಾಗಾದರೆ ಇವರು ಕೊಳ್ಳುವುದು ಏನನ್ನು? ಒಮ್ಮೆ ಕೇಳಿಯೂ ಇದ್ದಳು. ಗಂಡ ನಕ್ಕುಬಿಟ್ಟಿದ್ದ. "ನಿನಗೆ ಅರ್ಥ ಆಗಲ್ಲ ಬಿಡು. ನಮ್ಮಪ್ಪನಿಗೆ ಅರ್ಥ ಆಗಿತ್ತು ನೋಡು, ಆ ಕಾಲಕ್ಕೇ!"

ಅದೊಂದು ಮಾತನ್ನು ಅವನು ಬಂದವರಿಗೆಲ್ಲ ಹೇಳುತ್ತಿದ್ದ. ನೆಂಟರ ಬಾಯಲ್ಲಿ ಮಾವ ಎಂದರೆ ಕೊಂಡಾಗಲೂ ನಷ್ಟ, ಮಾರಿದಾಗಲೂ ನಷ್ಟ. ಅಂಥವರು ಒಂದು ಸಲವಾದರೂ ಎಲ್ಲರಿಗಿಂತ ಮುಂದೆ ನೋಡಿದ್ದರು, ಮಗನಿಗೆಂದು ನೋಡಿದ್ದರು. ಈಗ ಆ ಡಬ್ಬ ಮಾರಿ, ಬೀದಿ ಮೂಲೆಯಲ್ಲಿ ಟೈಲರ್ ಖಾಲಿ ಮಾಡುತ್ತಿದ್ದ ಮಳಿಗೆಗೆ ಮುಂಗಡ ಕೊಟ್ಟು, ಅವನು ಸ್ವಂತ ರಿಪೇರಿ ಅಂಗಡಿ ಹಾಕುವವನಿದ್ದ. ಇನ್ನೊಬ್ಬರ ಅಂಗಡಿಯಲ್ಲಿ ತಲೆ ಬಗ್ಗಿಸಿ ಕೂತು ತಂತಿಗಳಿಗೆ ಬೆಸುಗೆ ಹಾಕುತ್ತ, ಮಾಲೀಕ "ಲೇ ಸೋಲ್ಡರ್" ಎಂದು ಕೂಗಿದಾಗ ಏಳುವುದು ಸಾಕಾಗಿತ್ತು ಅವನಿಗೆ. ಅಂಗಡಿಗೆ ಅಪ್ಪನ ಹೆಸರು ಎಂದೂ ತೀರ್ಮಾನಿಸಿಯಾಗಿತ್ತು.

*

ಮರುದಿನವೆಲ್ಲ ಅವಳು ಗಂಡನನ್ನು ಕದ್ದು ನೋಡಿದಳು. ಇವನೇ ಎಂದೋ ಕ್ಯಾಸೆಟ್ಟು ಮಾರಿಕೊಂಡು ಒಳಗೆ ಮರ ತುರುಕಿದ್ದಾನೆಯೇ? ಹಾಗಿದ್ದರೆ ಹಲ್ಲಿನ ಡಾಕ್ಟರಿಗೆ ಮೋಸ ಮಾಡಲು ಹೊರಟಿದ್ದಾನೆ. ಆದರೆ ಅವನು ಹಲ್ಲುಜ್ಜುತ್ತಲೇ ಬೀರುವಿನ ಮುಂದೆ ನಿಂತು, ಗಾಜು ಮುಟ್ಟದೆ, ಮುಳುಗುಗಾರನನ್ನು ನೋಡಿ ಬಾಯಿ ತುಂಬ ನೊರೆ ಇಟ್ಟುಕೊಂಡು ನಕ್ಕ. ಮೋಸಗಾರ ಹಾಗೆ ನಗುವುದಿಲ್ಲ. ಅಥವಾ ಹಾಗೆಯೇ ನಗುತ್ತಾನೋ? ಕೌಂಟರಿನಲ್ಲಿ ಒಂದೇ ಚೀಟಿಯನ್ನು ಮೂರು ಸಲ ಓದಿದಳು.

ಸಂಜೆ ಅತ್ತೆ ಕಿಟಕಿಯ ಪಕ್ಕ ಕೂತು ಅವಳ ಬಿಳಿ ಕೋಟಿಗೆ ಕಿತ್ತುಹೋದ ಗುಂಡಿ ಹಾಕುತ್ತಿದ್ದರು. ಹೊಲಿಗೆ ಡಬ್ಬಿಯಲ್ಲಿದ್ದ ದಾರ ಹಳದಿ. ಬಿಳಿ ಕೋಟಿಗೆ ಹಳದಿ ದಾರ ಯಾಕೆ ಎಂದರೆ, "ಇದು ಹರಿಯಲ್ಲ," ಎನ್ನುವುದು ಅತ್ತೆಯ ಹಳೆಯ ಉತ್ತರ. ದಾರವನ್ನು ಎರಡೆಳೆ ಮಾಡಿ, ಅಡ್ಡ ಅಡ್ಡ ಹಾಕಿ, ಕೊನೆಗೆ ಮೂರು ಗಂಟು. ಅದೇ ದಾರವನ್ನು ಅವಳು ಹಿಂದಿನ ರಾತ್ರಿ ಡಬ್ಬದೊಳಗಿನ ಗಂಟಿನ ಮೇಲೆ ನೋಡಿದ್ದಳು.

"ಅತ್ತೆ, ಆಗ ಅಂಗಡೀಲಿ ಕಳ್ಳತನ ಆಗ್ತಿರಲಿಲ್ವಾ?"

"ಆಗ್ದೆ ಏನು? ಶಾಲೆ ಬಿಟ್ರೆ ಸಾಕು, ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ ಮುತ್ತೋವು. ಒಬ್ಬ ಬೆಲೆ ಕೇಳೋನು, ಇನ್ನೊಬ್ಬ ಅಂಗಿ ಒಳಗೆ ಇಳಿಸೋನು. ಅದಕ್ಕೇ ನಿಮ್ಮ ಮಾವ ಕ್ಯಾಸೆಟ್ಟೆಲ್ಲ ತೆಗೆದು ಕೌಂಟರ್ ಕೆಳಗೆ ಬೀಗ ಹಾಕಿಡೋರು. ಕಪಾಟಲ್ಲಿ ಇದ್ದಿದ್ದು ಬರೀ ಡಬ್ಬ."

"ಖಾಲಿ ಡಬ್ಬ ಅಂತ ಕೈಗೆ ಗೊತ್ತಾಗಲ್ವಾ?"

"ಗೊತ್ತಾಗಬಾರದು ಅಂತಾನೇ ಮರದ ತುಂಡು!" ಅತ್ತೆಗೆ ಹುರುಪು ಬಂತು. "ಗಿರಾಕಿ ಕೈಲಿ ಹಿಡಿದ್ರೆ ತೂಕ ಇರಬೇಕು, ಅಲ್ಲಾಡಿಸಿದ್ರೆ ಸದ್ದು ಬರಬಾರದು. ಮರ ಅವರದ್ದು, ಬಟ್ಟೆ ಹೊಲಿಗೆ ನಂದು. ಮೇಲೆ ಪ್ಲಾಸ್ಟಿಕ್ ಸುತ್ತಿ ಬಿಸಿಗಾಳಿ ಹಿಡಿದ್ರೆ, ಮಾಡಿದ ಕಂಪನಿಯವನೇ ತಲೆ ಕೆರ್ಕೋಬೇಕು. ಕೊಂಡೋರಿಗೆ ಮಾತ್ರ ಕೆಳಗಿಂದ ನಿಜವಾದ್ದು ತೆಗೆದು ಕೊಡೋದು. ಅದ್ರಲ್ಲಿ ಮೋಸ ಇರಲಿಲ್ಲಮ್ಮ."

"ಮತ್ತೆ ಅಂಗಡಿ ಮುಚ್ಚಿದಾಗ ಆ ಡಬ್ಬಗಳು?"

"ಕ್ಯಾಸೆಟ್ಟು ಚಿಲ್ರೆ ಕಾಸಿಗೆ ಹೋಯ್ತು. ಡಬ್ಬ ಯಾರಿಗೆ ಬೇಕು? ರದ್ದಿಗೆ ಹಾಕಿದ್ವಿ."

"ಎಲ್ಲಾನೂ?"

ಸೂಜಿ ಅರ್ಧದಲ್ಲಿ ನಿಂತಿತು. ಅತ್ತೆ ಕನ್ನಡಕದ ಮೇಲಿಂದ ಅವಳನ್ನು ನೋಡಿದರು.

"ಯಾಕೆ ಕೇಳ್ತಿದೀಯಾ?"

"ಏನಿಲ್ಲ ಅತ್ತೆ, ಹೊತ್ತು ಹೋಗ್ಲಿ ಅಂತ."

"ಹೊತ್ತು ಹೋಗೋಕೆ ಬೇರೆ ಏನಾದ್ರೂ ಕೇಳು," ಎಂದು ಅತ್ತೆ ದಾರವನ್ನು ಹಲ್ಲಿನಿಂದ ಕಡಿದರು.

ರಾತ್ರಿ ಊಟಕ್ಕೆ ಕೂತಾಗ ಗಂಡ ಅಂಗಡಿಯ ಬೋರ್ಡಿಗೆ ಯಾವ ಬಣ್ಣ ಎಂದು ಕೇಳಿದ. ಅತ್ತೆ ಯಾವುದಾದರೂ ಆಗಲಿ ಎಂದರು. ಅವಳು ಎರಡು ಸಲ ಬಾಯಿ ತೆರೆದು, ಎರಡು ಸಲವೂ ನೀರು ಕುಡಿದಳು. ಹೇಳಿದರೆ ಅವನ ಅಪ್ಪ ಮತ್ತೆ ಎರಡೂ ಕಡೆ ನಷ್ಟ ಮಾಡಿಕೊಂಡ ಮನುಷ್ಯನಾಗುತ್ತಾರೆ. ಅಷ್ಟೇ ಅಲ್ಲ, ಅಳುವ ಮಗನ ಕೈಗೆ ಮರದ ತುಂಡಿಟ್ಟವರಾಗುತ್ತಾರೆ. ಹೇಳದಿದ್ದರೆ ಯಾರೋ ಒಬ್ಬರು ಮರದ ತುಂಡಿಗೆ ಕಾರಿನ ದುಡ್ಡು ಕೊಟ್ಟು ಹೋಗುತ್ತಾರೆ. ಅತ್ತೆಗೆ ಗೊತ್ತಿದೆಯೋ, ಮರೆತಿದ್ದಾರೋ, ಮರೆತ ಹಾಗಿದ್ದಾರೋ, ಅದೂ ತಿಳಿಯಲಿಲ್ಲ.

*

ಹಲ್ಲಿನ ಡಾಕ್ಟರು ದುಂಡು ದುಂಡಗಿನ ಮನುಷ್ಯ, ಬಾಯಿ ತೆರೆಸಿ ಮಾತಾಡಿಸುವ ಅಭ್ಯಾಸದವರು. ತಂದ ಬಿಳಿ ಕೈಗವಸು ತೊಟ್ಟು, ಡಬ್ಬವನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. "ಅಬ್ಬಾ! ಈ ಮುಳುಗುಗಾರನಿಗೋಸ್ಕರ ನಾನು ಶಾಲೆಗೆ ಚಕ್ಕರ್ ಹೊಡೆದು ಅಪ್ಪನ ಹತ್ರ ಒದೆ ತಿಂದಿದ್ದೀನಿ. ಅವತ್ತು ಕೊಡಿಸಲಿಲ್ಲ ಪುಣ್ಯಾತ್ಮ." ತೂಕ ನೋಡಿದರು. ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸಿದರು. "ಗಟ್ಟಿಯಾಗಿ ಕೂತಿದೆ." ಗಂಡ ತನ್ನನ್ನೇ ಹೊಗಳಿದ ಹಾಗೆ ತಲೆ ತಗ್ಗಿಸಿದ.

ಡಬ್ಬ ತಿರುಗಿತು. ಡಾಕ್ಟರ ಹುಬ್ಬು ಮೇಲೇರಿತು.

"ಅಯ್ಯೋ, ಇಲ್ಲಿ ಸೀಳಿದೆಯಲ್ರೀ."

ಗಂಡ ಡಬ್ಬದ ಮೇಲೆ ಬಾಗಿದ. "ಇರಲಿಲ್ಲ! ಸರ್, ದೇವ್ರಾಣೆ ಇರಲಿಲ್ಲ. ನಾನು ಮುಟ್ಟೇ ಇಲ್ಲ."

"ಹಳೇ ಪ್ಲಾಸ್ಟಿಕ್ಕು, ಬಿಗೀತಾ ಬಿಗೀತಾ ತಾನೇ ಸೀಳುತ್ತೆ. ನಿಮ್ಮ ತಪ್ಪಲ್ಲ. ಆದ್ರೆ ಬೆಲೆ ಬಿತ್ತು." ಡಾಕ್ಟರು ಸ್ವಲ್ಪ ಯೋಚಿಸಿದರು. "ಒಂದು ಕೆಲಸ ಮಾಡಿ. ಹೇಗೂ ಸೀಲ್ ಹೋಗಿದೆ, ಬಿಚ್ಚಿಬಿಡಿ. ಕ್ಯಾಸೆಟ್ಟು ಹೊಸದಾಗಿದ್ರೆ ಅರ್ಧ ಕೊಡ್ತೀನಿ."

ಗಂಡ ಅವಳನ್ನು ನೋಡಿದ, ಡಬ್ಬವನ್ನು ನೋಡಿದ. ಮಳಿಗೆಯ ಮುಂಗಡಕ್ಕೆ ಅರ್ಧವೂ ಸಾಕಾಗುತ್ತಿತ್ತು. ಅವನ ಹೆಬ್ಬೆರಳಿನ ಉಗುರು ಸೀಳಿನ ಕಡೆಗೆ ಹೋಯಿತು.

"ಬೇಡ," ಎಂದಳು.

ಎಲ್ಲರೂ ಅವಳತ್ತ ತಿರುಗಿದರು. ಈ ಗುಜರಿಯನ್ನೆಲ್ಲ ಮಾರಿ ಒಂದು ಬಟ್ಟೆಯ ಬೀರು ತನ್ನಿ ಎಂದು ಹತ್ತು ವರ್ಷದಿಂದ ಹೇಳುತ್ತ ಬಂದವಳು ಅವಳೇ.

"ಮುಕ್ಕಾಲು ಕೊಡ್ತೀನಿ ಮೇಡಂ."

"ಅದಕ್ಕಲ್ಲ ಡಾಕ್ಟ್ರೇ. ಬೇಡ."

"ನೀವು ನಮ್ಮ ಕಸುಬಿಗೆ ಬರಬೇಕಿತ್ತು, ಬಾಯಿ ಬಿಡಿಸದೇನೇ ಹಲ್ಲು ಕೀಳ್ತೀರಿ." ಡಾಕ್ಟರು ನಕ್ಕು, ಕೈಗವಸಿನ ಬೆರಳಿಂದ ಹಳದಿ ಅಂಗಿಯನ್ನು ಸವರಿದರು. "ಹೋಗಲಿ, ಮಾತಾಡಿದಷ್ಟೇ ಕೊಡ್ತೀನಿ. ಬಿಚ್ಚೋದೂ ಬೇಡ. ನಾನೂ ಬಿಚ್ಚಲ್ಲ. ಗಾಜಿನ ಒಳಗಿಟ್ಟು ದಿನಾ ನೋಡ್ತೀನಿ, ಅಷ್ಟೇ."

ಅವಳಿಗೆ ಅಲ್ಲಿಯವರೆಗೆ ಕೈಗೆ ಸಿಕ್ಕಿದ್ದ ನೂಲಿನ ತುದಿಯೂ ತಪ್ಪಿಹೋಯಿತು. ಬೇಡ ಎಂದಷ್ಟೂ ಏರುವ ಇದು ಎಂಥ ಬೆಲೆ? ಇವರು ಎಂದಿಗೂ ಬಿಚ್ಚುವುದಿಲ್ಲ. ಗಂಡನಿಗೆ ಅಂಗಡಿಯಾಗುತ್ತದೆ. ಬೋರ್ಡಿನಲ್ಲಿ ಮಾವನ ಹೆಸರಿರುತ್ತದೆ. ಬಿಚ್ಚದೆ ಇಡುವವರಿಗೆ ಮರವಾದರೇನು, ಕ್ಯಾಸೆಟ್ಟಾದರೇನು, ನಷ್ಟ ಯಾರಿಗೆ? ತಡಕಾಡಿದಳು, ನಷ್ಟವಾದವರು ಯಾರೂ ಸಿಗಲಿಲ್ಲ. ಆದರೂ, ಹೆಸರೊಂದು ಬರೆದು ಒಳಗೆ ಬೇರೇನೋ ಇರುವ ಪೊಟ್ಟಣವನ್ನು ತನ್ನ ಕೈಯಿಂದ ದಾಟಿಸಲು ಅವಳಿಗೆ ಆಗಲಿಲ್ಲ. ಕೈ ತಾನಾಗಿ ಮುಂದೆ ಹೋಗಿ ಡಬ್ಬದ ಮೇಲೆ ಕೂತಿತು.

"ಮಾವ ಹಾಗೇ ಇಟ್ಕೋ ಅಂದಿದ್ರು," ಎಂದಳು. ತನ್ನ ದನಿ ತನಗೇ ಹೊಸದಾಗಿ ಕೇಳಿಸಿತು. "ಮಾರು ಅಂದಿರಲಿಲ್ಲ."

"ಏನೇ ಇದು?" ಎಂದ ಗಂಡ. "ಅಂಗಡಿ...?"

"ಅವಳು ಹೇಳೋದು ಸರಿ." ಕೋಣೆಯ ಬಾಗಿಲಲ್ಲಿ ಅತ್ತೆ ಯಾವಾಗ ಬಂದು ನಿಂತಿದ್ದರೋ. "ಕೊಡಬೇಡ ಮಗ. ಒಳಗೆ ತಗೊಂಡು ಹೋಗಿಡು."

ಡಾಕ್ಟರು ಕೈಗವಸು ಕಳಚಿ ಮಡಿಸಿದರು. ಕೋಪ ಬರಲಿಲ್ಲ ಅವರಿಗೆ. ಮಳೆ ಬಂದು ಆಟ ನಿಂತ ಹುಡುಗನ ಹಾಗೆ ಕಂಡರು. "ಅದೃಷ್ಟವಂತ ಕಣ್ರೀ ನೀವು," ಎಂದು ಗಂಡನ ಹೆಗಲು ತಟ್ಟಿದರು. "ನಮ್ಮ ಮನೇಲಿ ನಾನು ಸತ್ತ ಮಾರನೇ ದಿನ ಎಲ್ಲಾ ಹರಾಜು."

*

ಸಂಜೆ ಗಂಡ ವರಾಂಡದಲ್ಲಿ ನಿಂತು ಮಳಿಗೆಯ ಮಾಲೀಕನಿಗೆ ಫೋನು ಮಾಡಿದ. "ಇಲ್ಲ ಸಾರ್, ಬೇರೆಯವರಿಗೆ ಕೊಡಿ... ಹೌದು ಸಾರ್... ಮುಂದೆ ನೋಡೋಣ." ಅವಳು ಒಳಗೆ ಒಗೆದ ಬಟ್ಟೆ ಮಡಿಸುತ್ತ ಪ್ರತಿಯೊಂದು ಮಾತನ್ನೂ ಕೇಳಿಸಿಕೊಂಡಳು. ನಾಳೆ ಬೆಳಿಗ್ಗೆ ಮತ್ತೆ ಸೋಲ್ಡರ್. ಅವನು ಬಂದು ಬೈಯಲಿ ಎಂದು ಕಾದಳು.

ಅವನು ಬಂದು ಪಕ್ಕದಲ್ಲಿ ಕೂತ.

"ನಮ್ಮಪ್ಪನ್ನ ನೀನು ನೋಡೇ ಇಲ್ಲ," ಎಂದ. "ಆದ್ರೂ ನನಗಿಂತ ಚೆನ್ನಾಗಿ ಅರ್ಥ ಮಾಡ್ಕೊಂಡಿದೀಯ."

ಅವಳ ಕೈಯಲ್ಲಿದ್ದ ಟವೆಲು ಎರಡು ಸಲ ತಪ್ಪಾಗಿ ಮಡಿಸಿಕೊಂಡಿತು. ಮದುವೆಯಾದಾಗಿನಿಂದ ಅವನು ಹಾಗೆ ಅವಳನ್ನು ನೋಡಿರಲಿಲ್ಲ. ಈ ನೋಟ ಯಾರಿಗೆ ಸೇರಿದ್ದು ಎಂದು ಅವಳಿಗೆ ತಿಳಿಯಲಿಲ್ಲ.

"ನಿನ್ನ ಹತ್ರ ಆಸ್ಪತ್ರೆ ಟೇಪ್ ಇದೆಯಲ್ಲ, ತಾ," ಎಂದ. "ಸೀಳು ಇನ್ನೂ ದೊಡ್ಡದಾಗೋದು ಬೇಡ."

ಪಾರದರ್ಶಕ ಟೇಪು ತಂದಳು. ಮೇಜಿನ ದೀಪದ ಕೆಳಗೆ ಅವನು ಡಬ್ಬವನ್ನು ಅಡ್ಡ ಮಲಗಿಸಿ, ಮೇಲೆದ್ದ ಪ್ಲಾಸ್ಟಿಕ್ಕನ್ನು ಉಗುರಿನಿಂದ ಒತ್ತಿ ಕೂರಿಸತೊಡಗಿದ. ಕಿಟಕಿಯ ಬಳಿ ಅತ್ತೆ ಸೂಜಿಗೆ ಹಳದಿ ದಾರ ಪೋಣಿಸುತ್ತಿದ್ದರು. ದಾರ ಸೂಜಿಯ ಕಣ್ಣು ತಪ್ಪುತ್ತಿತ್ತು. ಮತ್ತೆ ಎಂಜಲು ಮಾಡಿ ಮತ್ತೆ ಪೋಣಿಸುತ್ತಿದ್ದರು. ತಲೆ ಎತ್ತಲಿಲ್ಲ.

"ಎಷ್ಟು ಅಲ್ಲಾಡಿಸಿದ್ರೂ ಕದಲಲ್ಲ ನೋಡು," ಎಂದ ಗಂಡ. "ಏನು ಪ್ಯಾಕಿಂಗು ಆಗಿನ ಕಾಲದ್ದು! ಅಲ್ವೇನಮ್ಮಾ?"

"ಹೂಂ," ಎಂದರು ಅತ್ತೆ. "ಶ್ರದ್ಧೆಯಿಂದ ಮಾಡೋರು."

ಅವಳು ಅತ್ತೆಯನ್ನು ನೋಡಿದಳು. ಅತ್ತೆ ಸೂಜಿಯ ಕಣ್ಣನ್ನೇ ನೋಡುತ್ತಿದ್ದರು. ಇದನ್ನು ಯಾರಿಗೂ ಹೇಳಬಾರದು ಎಂದು ಅವಳು ಆ ಕ್ಷಣದಲ್ಲಿ ತೀರ್ಮಾನಿಸಿಕೊಂಡಳು, ಗೊತ್ತಿರುವವರಿಗೂ.

"ಇಲ್ಲಿ ಬೆರಳಿಡು," ಎಂದ ಗಂಡ.

ಅವಳು ಮುಳುಗುಗಾರನ ದೀಪದ ಮೇಲೆ ಬೆರಳಿಟ್ಟು, ಅವನು ಟೇಪು ಕತ್ತರಿಸುವವರೆಗೆ ಒತ್ತಿ ಹಿಡಿದಳು.