ಎಪ್ಪತ್ತೊಂದರ ಮನೆ

ಕಚೇರಿ ಕಟ್ಟಡದ ನೆಲಮಹಡಿಯ ಕ್ಯಾಂಟೀನಿನಲ್ಲಿ ಗಲ್ಲಾದ ಹಿಂದೆ ಕೂರುವ ಹೆಂಗಸನ್ನು ಎಲ್ಲರೂ ಚಿಲ್ಲರೆ ಅಕ್ಕ ಎಂದೇ ಕರೆಯುತ್ತಿದ್ದರು. ಇಟ್ಟವರು ಯಾರೋ, ಹೆಸರು ಅಂಟಿಕೊಂಡಿತು. ಬೇರೆ ಕಡೆ ಚಿಲ್ಲರೆ ಇಲ್ಲವೆಂದು ಕೈಗೊಂದು ಪೆಪ್ಪರಮೆಂಟು ತುರುಕಿ ಕಳಿಸುತ್ತಾರೆ. ಈಕೆಯ ಬಳಿ ಮಾತ್ರ ಯಾವ ಹೊತ್ತಿಗೂ ಚಿಲ್ಲರೆಗೆ ಬರವಿರಲಿಲ್ಲ. ನೋಟು ಕೊಟ್ಟರೆ ಸುಮ್ಮನೆ ತೆಗೆದು ಒಳಗಿಡುತ್ತಿದ್ದಳು. ನಾಣ್ಯ ಕೊಟ್ಟರೆ ತಿರುಗಿಸಿ ಇಸವಿ ಓದುತ್ತಿದ್ದಳು. ಬೇಕಾದದ್ದು ಸಿಕ್ಕರೆ ತನ್ನ ಪರ್ಸಿನಿಂದ ಅಷ್ಟೇ ಬೆಲೆಯದನ್ನು ಮೊದಲು ಗಲ್ಲಾಕ್ಕೆ ಹಾಕಿ, ಆಮೇಲೆ ಅದನ್ನು ಎತ್ತಿಕೊಳ್ಳುತ್ತಿದ್ದಳು. ಆ ವಿಷಯದಲ್ಲಿ ಅವಳ ಕಡೆ ಯಾರೂ ಬೆರಳು ತೋರಿಸುವಂತಿರಲಿಲ್ಲ.

ದಿನಕ್ಕೆ ಮುನ್ನೂರು ಜನ ಅವಳೆದುರು ನಿಲ್ಲುತ್ತಿದ್ದರು. ಮುನ್ನೂರು ಜನರೂ ನೋಡುತ್ತಿದ್ದುದು ಅವಳ ಕೈಯನ್ನು. ಒಮ್ಮೆ ಹತ್ತು ದಿನ ಜ್ವರ ಬಂದು ಮಲಗಿ ಎದ್ದು ಬಂದಾಗ, ಎಲ್ಲಿ ಹೋಗಿದ್ದೆ ಎಂದು ಕೇಳಿದವರಿಲ್ಲ. ಈಕೆಯ ಬದಲಿಗೆ ಕೂತಿದ್ದ ಹುಡುಗಿಗಿಂತ ಈಕೆಯೇ ವಾಸಿ, ಸಾಲು ಬೇಗ ಕರಗುತ್ತದೆ ಎಂದು ಒಬ್ಬರು ಇನ್ನೊಬ್ಬರಿಗೆ ಹೇಳಿದ್ದು ಕಿವಿಗೆ ಬಿತ್ತು. ಅದನ್ನೇ ಹೊಗಳಿಕೆ ಎಂದುಕೊಂಡು ಅವಳು ಒಂದು ವಾರ ಕಳೆದಳು. ಜನ ಕೊಡುವಷ್ಟರಲ್ಲೇ ಹೊಟ್ಟೆ ತುಂಬಿಸಿಕೊಳ್ಳುವುದು ಕೆಲವರಿಗೆ ಅಭ್ಯಾಸವಾಗಿಬಿಟ್ಟಿರುತ್ತದೆ.

ವಯಸ್ಸು ಐವತ್ತೆರಡು. ಅಮ್ಮನ ಆರೈಕೆಯಲ್ಲಿ ಮದುವೆಯ ವಯಸ್ಸು ಜಾರಿತು, ಹನ್ನೊಂದು ವರ್ಷದ ಹಿಂದೆ ಅಮ್ಮನೂ ಹೋದಳು. ಉಳಿದದ್ದು ಒಂದು ಬಾಡಿಗೆ ಕೋಣೆ, ಅದರ ಮೂಲೆಯಲ್ಲೇ ಒಲೆ, ಮತ್ತು ತಿಂಗಳಿಗೊಮ್ಮೆ ಫೋನ್ ಮಾಡುವ ತಂಗಿ. ಆ ಚಿಲ್ಲರೆ ಕೂಡಿಹಾಕಿ ಯಾವ ಅರಮನೆ ಕಟ್ಟಿಸುತ್ತೀಯೆ ಎಂದು ತಂಗಿ ಪ್ರತಿ ಸಲವೂ ಕೇಳುತ್ತಿದ್ದಳು. ಪ್ರತಿ ಸಲವೂ ಇಬ್ಬರೂ ನಗುತ್ತಿದ್ದರು. ನಗು ಮುಗಿದರೆ ಮಾತೂ ಮುಗಿಯುತ್ತಿತ್ತು.

ಈ ಹುಚ್ಚು ಹಿಡಿದದ್ದು ಅಮ್ಮ ಹೋದ ಮೂರನೇ ತಿಂಗಳಲ್ಲಿ. ಕ್ಯಾಂಟೀನಿಗೆ ಹೊಸ ರಬ್ಬರ್ ಮೊಹರು ಬೇಕೆಂದು ಅವಳನ್ನು ಕಳಿಸಿದ್ದರು. ಹಳೆಯ ಕಟ್ಟಡವೊಂದರ ಮೆಟ್ಟಿಲ ಕೆಳಗೆ, ನೆಟ್ಟಗೆ ನಿಂತರೆ ತಲೆ ತಾಗುವ ಅಂಗಡಿ. ಅಲ್ಲಿ ಒಬ್ಬರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ರಬ್ಬರಿನ ಮೇಲೆ ಅಕ್ಷರ ಕೊರೆಯುತ್ತಿದ್ದರು. ಅವರ ಪಕ್ಕದ ತಟ್ಟೆಯಲ್ಲಿ ಹಳೆಯ ನಾಣ್ಯಗಳಿದ್ದವು, ನಟ್ಟನಡುವೆ ಅವರ ತಂದೆಯ ಕಾಲದ್ದೊಂದು ದೊಡ್ಡ ಬೆಳ್ಳಿ ನಾಣ್ಯ. ಅವು ಮಾರಾಟಕ್ಕೋ ನೋಡುವುದಕ್ಕೋ ಅವರಿಗೇ ಗೊತ್ತಿದ್ದಂತಿರಲಿಲ್ಲ. ಮೊಹರಿನ ಅಂಟು ಆರುವವರೆಗೆ ಕೂರಲು ಅವರು ಸ್ಟೂಲು ಸರಿಸಿದರು. ಅವಳು ಒಂದು ನಾಣ್ಯವನ್ನು ಸೀರೆಯ ಸೆರಗಿಗೆ ಒರೆಸಲು ಹೋದಾಗ, ನಾಣ್ಯವನ್ನು ಉಜ್ಜಬಾರದು, ಅಂಚಿನಲ್ಲಿ ಹಿಡಿಯಬೇಕು ಎಂದು ಗದರಿದರು. ಮೂರು ತಿಂಗಳಿಂದ ಅವಳನ್ನು ಯಾರೂ ಗದರಿರಲಿಲ್ಲ. ಮುಂದಿನ ಶನಿವಾರವೂ ಅವಳು ಅಲ್ಲಿಗೆ ಹೋದಳು.

ಅಂದಿನಿಂದ ಶನಿವಾರ ಅರ್ಧ ದಿನದ ಕೆಲಸ ಮುಗಿದರೆ ಅವಳ ಕಾಲು ತಾನಾಗಿ ಅತ್ತ ತಿರುಗುತ್ತಿತ್ತು. ಅವರನ್ನು ಅಣ್ಣ ಎಂದಳು, ಅವರು ತಂಗಿ ಎಂದರು. ವಾರವಿಡೀ ಬಸ್ಸಿನಿಂದ ಎರಡು ಸ್ಟಾಪು ಮೊದಲೇ ಇಳಿದು ನಡೆದರೆ ಉಳಿಯುವ ದುಡ್ಡು, ಅದಷ್ಟೇ ನಾಣ್ಯಕ್ಕೆ. ಹಾಸಿಗೆ ಇದ್ದಷ್ಟು ಕಾಲು ಚಾಚುವ ಪೈಕಿ ಅವಳು. ಮೊಹರಿನ ಅಣ್ಣನಂತೂ ವ್ಯಾಪಾರಕ್ಕೆ ಲಾಯಕ್ಕಿಲ್ಲದ ಮನುಷ್ಯ. ಇದರ ಮುಖ ಸವೆದಿದೆ, ಇದಕ್ಕೆ ದುಡ್ಡು ದಂಡ, ಇಡು ಕೆಳಗೆ ಎಂದು ಕೈಯಿಂದ ಕಿತ್ತುಕೊಳ್ಳುತ್ತಿದ್ದರು. ಬಂಗಾರ ಬೆಳ್ಳಿಯ ತಂಟೆಗೆ ಹೋಗಬೇಡ, ಐವತ್ತು ಪೈಸೆಯ ನಾಣ್ಯ ಹಿಡಿ, ಮೊದಲ ವರ್ಷದಿಂದ ಕೊನೆಯ ವರ್ಷದವರೆಗೆ ಒಂದೊಂದು ಸೇರಿಸು, ಬಡವರಿಗೆ ಅದೇ ದೊಡ್ಡ ಆಸ್ತಿ ಎಂದು ದಾರಿ ತೋರಿಸಿದವರೂ ಅವರೇ. ದಪ್ಪ ರಟ್ಟಿನಲ್ಲಿ ನಲವತ್ತು ತೂತು ಕೊರೆದು ಒಂದು ಪುಸ್ತಕ ಮಾಡಿಕೊಟ್ಟರು. ಒಂದೊಂದು ತೂತಿನ ಕೆಳಗೆ ಒಂದೊಂದು ಇಸವಿ. ತೂತಿಗೆ ಅವರು ಮನೆ ಎನ್ನುತ್ತಿದ್ದರು.

ಹತ್ತು ವರ್ಷದಲ್ಲಿ ಮೂವತ್ತೊಂಬತ್ತು ಮನೆ ತುಂಬಿದವು. ಎಪ್ಪತ್ತೊಂದರ ಮನೆ ಮಾತ್ರ ಬಾಯಿ ಬಿಟ್ಟುಕೊಂಡೇ ಇತ್ತು. ಆ ವರ್ಷ ಐವತ್ತು ಪೈಸೆ ಹೊಡೆದದ್ದೇ ಕಡಿಮೆಯಂತೆ. ಪ್ರತಿ ಶನಿವಾರ ಅವಳು ಸಿಕ್ಕಿತಾ ಎಂದು ಕೇಳುವುದು, ಅವರು ಇಲ್ಲ ಎನ್ನುವುದು, ಆಮೇಲೆ ಎರಡು ಗಂಟೆ ಹೊತ್ತು ಪ್ರಪಂಚದ ಎಲ್ಲ ಮಾತು.

ಒಂದು ಬುಧವಾರ ಮಧ್ಯಾಹ್ನ ಯಾರೋ ಟೀ ಕುಡಿದು ಎಸೆದು ಹೋದ ಚಿಲ್ಲರೆಯಲ್ಲಿ ಎಪ್ಪತ್ತೊಂದು ಕೂತಿತ್ತು.

ಅವಳು ಮೂರು ಸಲ ಓದಿದಳು. ಮುಂದೆ ನಿಂತಿದ್ದವರಿಗೆ ಹೇಳಬೇಕೆನಿಸಿತು, ಆದರೆ ಅವರು ಉಳಿದ ಚಿಲ್ಲರೆಗೆ ಕೈ ಚಾಚಿಕೊಂಡು ಫೋನು ನೋಡುತ್ತಿದ್ದರು. ಸಂಜೆ ಕೋಣೆಗೆ ಬಂದು ಹೆಬ್ಬೆರಳಿನಿಂದ ಒತ್ತಿ ಒತ್ತಿ ನಾಣ್ಯವನ್ನು ರಟ್ಟಿನೊಳಗೆ ಕೂರಿಸಿದಳು. ಮನೆ ಬಿಗಿಯಾಗಿತ್ತು, ಉಗುರು ನೋಯುವಷ್ಟು ಒತ್ತಬೇಕಾಯಿತು. ಶನಿವಾರ ಅಣ್ಣನ ಮುಖ ಹೇಗಾಗಬಹುದು ಎಂದು ಊಹಿಸುತ್ತಾ ಅನ್ನಕ್ಕಿಟ್ಟಳು. ಅನ್ನ ಬೇಯುವಷ್ಟರಲ್ಲಿ ಇನ್ನೊಂದು ಯೋಚನೆ ಬಂತು. ಸಿಕ್ಕಿತು ಎಂದ ಮೇಲೆ ಅದರ ಮುಂದಿನ ಶನಿವಾರ ಹೋಗಿ ಏನು ಕೇಳುವುದು? ಇದೊಂದು ಸಾಲು ಮುಗಿಸಿ ಸುಮ್ಮನಿರು, ಇನ್ನೊಂದಕ್ಕೆ ಕೈ ಹಾಕಿ ಹಾಳಾಗಬೇಡ ಎಂದು ಅವರೇ ಹತ್ತು ಸಲ ಹೇಳಿದ್ದರು. ಗಿರಾಕಿಯಲ್ಲದ ಮೇಲೆ ಯಾವ ಮುಖ ಹೊತ್ತುಕೊಂಡು ಆ ಸ್ಟೂಲಿನ ಮೇಲೆ ಕೂರುವುದು? ಅವಳಿಗೆ ನಿಜವಾಗಿ ಭಯವಾಯಿತು.

ಶನಿವಾರ ಹೋಗಿ, ಸಿಕ್ಕಿತಾ ಅಣ್ಣ ಎಂದು ಕೇಳಿದಳು. ಇಲ್ಲ ಎಂದರು. ಅಷ್ಟು ಸುಲಭವಾಗಿತ್ತು.

ಆದರೆ ಕಳ್ಳನ ಮನಸ್ಸು ಹುಳ್ಳುಳ್ಳಗೆ. ಅವರು ನಾಣ್ಯದ ಮಾತು ತೆಗೆದರೆ ಅವಳು ಹವಾಮಾನದ ಮಾತು ತೆಗೆಯುತ್ತಿದ್ದಳು. ಹೀಗೆ ಐದು ತಿಂಗಳು ಕಳೆದವು. ಆರನೆಯದರಲ್ಲಿ ಅವರ ಕೈ ನಡುಗುವುದನ್ನು ಅವಳು ಗಮನಿಸಿದಳು. ಅಕ್ಷರ ಕೊರೆಯುವ ಕೆಲಸಕ್ಕೆ ಆ ಕೈ ಇನ್ನು ಆಗುವುದಿಲ್ಲವೆಂದು ಅವರೇ ನಕ್ಕರು. ದೂರದೂರಿನ ಮಗಳು ಬಾ ಬಾ ಎಂದು ಪ್ರಾಣ ತಿನ್ನುತ್ತಿದ್ದಾಳೆ, ಬೀಗ ಹಾಕಿ ಹೊರಡಬಹುದು, ಆದರೆ ನಿನ್ನ ಎಪ್ಪತ್ತೊಂದು ಬಾಕಿ ಇದೆಯಲ್ಲ, ಅದನ್ನು ಹುಡುಕಿಕೊಟ್ಟೇ ಹೋಗುವುದು ಎಂದರು. ಆ ಕ್ಷಣವೇ ಹೇಳಬೇಕಿತ್ತು. ಅವಳಿಗೂ ಅದು ಗೊತ್ತಿತ್ತು. ಬಾಯಿ ತೆರೆದಳು, ಟೀ ತರಲೇ ಎಂದು ಕೇಳಿದಳು. ಅದರ ಮೇಲೂ ಮೂರು ತಿಂಗಳು, ಕೆಮ್ಮುತ್ತಾ ಮೆಟ್ಟಿಲ ಕೆಳಗಿನ ತಣ್ಣನೆಯ ಗೂಡಿನಲ್ಲಿ ಅವರು ಕೂತರು. ಅವಳೂ ಎದುರಿಗೆ ಕೂತಳು. ಮನೆಗೆ ಹೋಗುವ ದಾರಿಯಲ್ಲಿ ತನ್ನನ್ನು ತಾನೇ ಬೈದುಕೊಳ್ಳುತ್ತಿದ್ದಳು.

ಒಂದು ಶನಿವಾರ ಅವರ ಮುಖ ಹೂವಿನಂತೆ ಅರಳಿತ್ತು. ಬರುವ ವಾರ ಪುಸ್ತಕ ತಾ, ಕಾರಣ ಕೇಳಬೇಡ ಎಂದರು. ಅವಳಿಗೆ ಅರ್ಥವಾಯಿತು. ಮುಂದಿನ ಶನಿವಾರ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲು ಹೇರ್‌ಪಿನ್ನಿನಿಂದ ಮೀಟಿ ಎಪ್ಪತ್ತೊಂದನ್ನು ಮನೆಯಿಂದ ಹೊರಗೆ ತೆಗೆದಳು. ಸಕ್ಕರೆ ಡಬ್ಬಿಯ ಹಿಂದೆ ಅಡಗಿಸಿಟ್ಟಳು. ಖಾಲಿ ಮನೆಯ ಪುಸ್ತಕವನ್ನು ಕೈಚೀಲದಲ್ಲಿಟ್ಟುಕೊಂಡು ಹೋದಳು.

ಅಂಗಡಿಯ ಗೋಡೆ ಬೋಳಾಗಿತ್ತು. ಪೆಟ್ಟಿಗೆಗಳಿಗೆ ಹಗ್ಗ ಬಿಗಿದಿದ್ದರು. ಹೊರಗಡೆ ಅವರ ಮಗಳು ಸಾಗಣೆಯ ವ್ಯಾನಿನವನಿಗೆ ಫೋನಿನಲ್ಲಿ ದಾರಿ ಹೇಳುತ್ತಿದ್ದಳು. ಅಣ್ಣ ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ಬಿಡಿಸಿದರು. ಎಪ್ಪತ್ತೊಂದು. ಯಾವನೋ ಸಂಗ್ರಾಹಕನ ಬೆನ್ನು ಹತ್ತಿ ತಂದದ್ದು. ಅದಕ್ಕೆ ಬದಲಾಗಿ, ಯಾರಿಗೂ ಮುಟ್ಟಲು ಬಿಡದ ತಮ್ಮ ತಂದೆಯ ದೊಡ್ಡ ಬೆಳ್ಳಿ ನಾಣ್ಯವನ್ನು ಕೊಟ್ಟಿದ್ದರು. ಅದನ್ನು ಅವರು ಹೇಳಲಿಲ್ಲ; ಇನ್ನೂ ಕಟ್ಟದೆ ಉಳಿದಿದ್ದ ತಟ್ಟೆಯಲ್ಲಿ ಅದರ ಜಾಗ ಖಾಲಿ ಇದ್ದದ್ದನ್ನು ಅವಳೇ ಕಂಡಳು. ನಿಂತಲ್ಲೇ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

"ನಾನೇ ಕೂರಿಸ್ತೀನಿ, ಕೊಡು," ಎಂದರು.

ರಟ್ಟಿನ ಮೇಲೆ ನಾಣ್ಯ ಇಟ್ಟು, ನಡುಗುವ ಹೆಬ್ಬೆರಳಿಗೆ ಇನ್ನೊಂದು ಹೆಬ್ಬೆರಳು ಸೇರಿಸಿ, ಮೈಯ ಭಾರವನ್ನೆಲ್ಲ ಹಾಕಿ ಒತ್ತಲು ಸಿದ್ಧರಾದರು. ಆ ಮನೆಗಳನ್ನು ಬಿಗಿಯಾಗಿ ಕೊರೆದವರು ಅವರೇ. ಒತ್ತುವ ಮೊದಲೇ ನಾಣ್ಯ ಒಳಗೆ ಬಿದ್ದಿತು. ಅವರು ಅದನ್ನು ತೆಗೆದು ಮತ್ತೆ ಇಟ್ಟರು. ಮತ್ತೆ ಬಿದ್ದಿತು. ಭೂತಗನ್ನಡಿ ಸಿಕ್ಕಿಸಿಕೊಂಡು ಪಿನ್ನು ಮೀಟಿದ ಗೀರಿದ್ದ ತೂತಿನ ಅಂಚನ್ನು ನೋಡಿದರು. ನೋಡಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ನೋಡಿದರು.

"ಎಷ್ಟು ದಿನ ಆಯ್ತು ತಂಗಿ?"

"ಒಂಬತ್ತು ತಿಂಗಳು."

ಅವರು ಬೈಯಲಿ ಎಂದು ಅವಳು ಕಾದಳು. ಬೈದಿದ್ದರೆ ಹಗುರವಾಗುತ್ತಿತ್ತು.

"ಸಿಕ್ತು ಅಂದಿದ್ರೆ, ಆಮೇಲೆ ಯಾವ ನೆಪ ಹೇಳ್ಕೊಂಡು ಬರ್ಲಿ ಅಣ್ಣ?"

ಅವರು ಭೂತಗನ್ನಡಿ ತೆಗೆದರು. "ನೆಪ ಯಾಕೆ ಬೇಕಿತ್ತು? ಸುಮ್ನೆ ಬರ್ಬೋದಿತ್ತಲ್ಲ. ಈ ಬೀದೀಲಿ ಶನಿವಾರ ಮಧ್ಯಾಹ್ನ ಯಾವ ಅಂಗಡಿ ತೆಗೆದಿರುತ್ತೆ ನೋಡಿದೀಯಾ? ಒಂದು ದಿನಾನಾದ್ರೂ ಇನ್ನೊಬ್ಬ ಗಿರಾಕೀನ ಕಂಡಿದೀಯಾ ಇಲ್ಲಿ?"

ಅವಳು ಹನ್ನೊಂದು ವರ್ಷ ಆ ಬೀದಿಯಲ್ಲಿ ನಡೆದಿದ್ದಳು. ಎಳೆದು ಮುಚ್ಚಿದ ಬಾಗಿಲುಗಳ ಸಾಲು ಕಣ್ಣ ಮುಂದೆ ಬಂತು. ಇಸವಿ ಓದುವ ಕಣ್ಣಿಗೆ ಅದು ಒಂದು ದಿನವೂ ಕಂಡಿರಲಿಲ್ಲ.

ಮಗಳು ಫೋನು ಮುಗಿಸಿ ಒಳಗೆ ಬಗ್ಗಿದಳು. ಯಾರಪ್ಪ ಇವರು ಎಂದು ಕೇಳಿದಳು. ಅವರು ಉತ್ತರಿಸುವಷ್ಟರಲ್ಲಿ, ನಾಲಿಗೆಯ ಅಭ್ಯಾಸದಿಂದ, ಗಿರಾಕಿ ಎಂದು ಇವಳೇ ಹೇಳಿಬಿಟ್ಟಳು. ಪುಸ್ತಕ ಎತ್ತಿಕೊಂಡು, ಬರುತ್ತೇನೆ ಎಂದೂ ಸರಿಯಾಗಿ ಹೇಳದೆ ಹೊರಬಿದ್ದಳು.

ಬಸ್ ಸ್ಟಾಪಿನವರೆಗೆ ಹೋದಳು. ಬಸ್ಸು ಬಂತು, ಬಾಗಿಲು ತೆರೆಯಿತು, ಹತ್ತುತ್ತೀರಾ ಎಂದು ಕಂಡಕ್ಟರ್ ಕೇಳಿದ. ಇಲ್ಲ ಎಂದಳು. ತಿರುಗಿ ನಡೆದಳು, ಆಮೇಲೆ ಸೀರೆ ಎತ್ತಿ ಹಿಡಿದು ಓಡಿದಳು. ಮುಚ್ಚಿದ ಅಂಗಡಿಗಳ ಬೀದಿಯಲ್ಲಿ ಆ ಒಂದೇ ಬಾಗಿಲು ಅರ್ಧ ತೆರೆದಿತ್ತು.

"ಏನಾದ್ರೂ ಮರೆತು ಹೋದ್ರಾ?" ಮಗಳು ಕೇಳಿದಳು.

ಅವಳು ಏದುಸಿರು ಬಿಡುತ್ತಾ ಬಾಗಿಲು ಹಿಡಿದುಕೊಂಡಳು. "ಇಲ್ಲಮ್ಮ. ಏನೂ ಬೇಡ. ಸುಮ್ನೆ ಬಂದೆ."

ಒಳಗಿನಿಂದ ಸ್ಟೂಲು ಸರಿಸಿದ ಸದ್ದು ಕೇಳಿಸಿತು. ಅವಳು ತಲೆ ಬಗ್ಗಿಸಿ ಒಳಗೆ ಹೋದಳು. ವ್ಯಾನು ಬರಲು ಇನ್ನೂ ಅರ್ಧ ಗಂಟೆ ಇತ್ತು.