ಮೂರನೆಯ ಸಲ

"ಇನ್ನೂ ಗೊತ್ತಾಗುತ್ತೆ ಇದಕ್ಕೆ," ಎಂದು ತಂಗಿ ಕುಂಚವನ್ನು ಹಿಂದೆಗೆದಳು. ಗಾಜಿನ ಬಟ್ಟಲಿನ ಉಪ್ಪುನೀರಿನಲ್ಲಿ ಅರಳಿದ್ದ ಕಡಲಹೂವು ಎಳೆಗಳನ್ನು ತುಸು ಒಳಗೆಳೆದುಕೊಂಡಿತು. ಹೆಸರಿಗಷ್ಟೇ ಹೂವು, ಜಾತಿಯಲ್ಲಿ ಪ್ರಾಣಿ. ಬೆನ್ನೆಲುಬಿಲ್ಲ, ಮಿದುಳಿಲ್ಲ, ಮುಟ್ಟಿದರೆ ಮಾತ್ರ ಎಲ್ಲಿಲ್ಲದ ಬಿಗುಮಾನ. ಅರಿವು ತಪ್ಪಿಸುವ ಔಷಧಿ ಹಾಕಿ, ಮೂರು ಸಲ ಕುಂಚ ಸವರಿದರೂ ಅಲುಗದಿದ್ದಾಗಲೇ ಕೆಡದಂತೆ ಕಾಪಿಡುವ ಫಾರ್ಮಲಿನ್ ಸುರಿಯಬೇಕು. ಅವಸರಪಟ್ಟರೆ ಮುದುಡಿ ಉಂಡೆಯಾಗುತ್ತದೆ. ಆಮೇಲೆ ಅದು ಯಾವ ಕುಲದ್ದೆಂದು ಬ್ರಹ್ಮ ಬಂದರೂ ಹೇಳಲಾರ. ಇದು ಇನ್ನೂ ಹೆಸರಿಡದ ಜಾತಿ ಎಂದು ಅವಳಿಗೆ ಗುಮಾನಿ. ಸಿಕ್ಕಿದ್ದೂ ಇದೊಂದೇ.

ಆಸ್ಪತ್ರೆಯಿಂದ ನೇರ ಪ್ರಯೋಗಾಲಯಕ್ಕೆ ಬಂದಿದ್ದ ಅಕ್ಕ ಸ್ಟೂಲಿನ ಮೇಲೆ ಕುಳಿತಿದ್ದಳು.

"ಡಾಕ್ಟ್ರು ಮತ್ತೆ ಕೇಳಿದ್ರು. ಅಮ್ಮಂಗೆ ಏನೂ ಗೊತ್ತಾಗ್ತಿಲ್ವಂತೆ, ಉಸಿರೆಲ್ಲ ಮೆಷಿನ್ನಿಂದೇ. ನಾನು ಹೂಂ ಅಂದಿದೀನಿ. ನೀನೂ ಅಂದ್ರೆ ತೆಗೀತಾರೆ."

"ಸರಿ."

"ಏನು ಸರಿ? ಕಲ್ಲಿನ ಹಾಗೆ ಕೂತಿದೀಯಲ್ಲೇ! ಒಂದು ಹನಿ ಕಣ್ಣೀರಾದ್ರೂ ಬರಬಾರ್ದಾ?"

ಬಂದಿದ್ದರೆ ಅವಳೇನು ಬೇಡವೆನ್ನುತ್ತಿದ್ದಳೇ? ಅಮ್ಮ ಕುಸಿದುಬಿದ್ದ ದಿನದಿಂದ ಒಳಗೆಲ್ಲ ಜೋಮು ಹಿಡಿದಂತಿತ್ತು. ಊಟ ಸೇರುತ್ತಿತ್ತು, ನಿದ್ದೆ ಬರುತ್ತಿತ್ತು. ಅದಕ್ಕೇ ನಾಚಿಕೆ. ಅವಳು ಕುಂಚ ಸವರಿದಳು, ಎಳೆಗಳು ಅಲುಗಲಿಲ್ಲ. ಇನ್ನೊಮ್ಮೆ ಸವರಿದಳು, ಅಲುಗಲಿಲ್ಲ.

"ನಡಿ, ಹೋಗೋಣ," ಎಂದು ಫಾರ್ಮಲಿನ್ ಸುರಿದುಬಿಟ್ಟಳು.

ಕಡಲಹೂವು ಮುಷ್ಟಿಯಂತೆ ಬಿಗಿದುಕೊಂಡಿತು. ಇಷ್ಟು ವರ್ಷಗಳ ಕೆಲಸದಲ್ಲಿ ಅವಳ ಕೈಯಲ್ಲಿ ಒಂದೂ ಕೆಟ್ಟಿರಲಿಲ್ಲ.

"ಏನಾಯ್ತೇ?"

"ಇದಕ್ಕಿನ್ನೂ ಗೊತ್ತಾಗ್ತಿತ್ತು, ಅಕ್ಕ."

ಬೇಸರವೂ ಆಗಲಿಲ್ಲ. ಡ್ರಾಯರಿನಿಂದ ಒಂದು ಹೊಸ ಕುಂಚ ತೆಗೆದು ಚೀಲಕ್ಕೆ ಹಾಕಿಕೊಂಡಳು.

ಆಸ್ಪತ್ರೆಯಲ್ಲಿ ಡಾಕ್ಟರು ಅವಳ ಮಾತಿಗಾಗಿ ಕಾದು ನಿಂತಿದ್ದರು. ಅವಳು ಹಾಸಿಗೆಯ ಕೊನೆಗೆ ಹೋಗಿ ಹೊದಿಕೆ ಸರಿಸಿದಳು. ಅಂಗಾಲಿಗೆ ಬೆರಳು ತಾಗಿದರೆ ಸಾಕು, ಬೀದಿಗೆಲ್ಲ ಕೇಳುವಂತೆ ನಗುತ್ತಿದ್ದ ಹೆಂಗಸು ಅಮ್ಮ. ತಂಗಿ ಕುಂಚದಿಂದ ಒಮ್ಮೆ ಸವರಿ ಕಾದಳು. ಮೆಷಿನ್ ತನ್ನ ಪಾಡಿಗೆ ಉಸಿರೂದುತ್ತಿತ್ತು. ಮತ್ತೊಮ್ಮೆ ಸವರಿದಳು.

"ಸಾಕು ಬಿಡೇ," ಎಂದಳು ಅಕ್ಕ.

"ತಡಿ ಅಕ್ಕ. ಇನ್ನೊಂದ್ ಸಲ ಇದೆ."

ಕುಂಚ ಅಂಗಾಲಿನವರೆಗೆ ಹೋಗಿ, ಮುಟ್ಟುವ ಮೊದಲೇ ನಿಂತಿತು. ಅದರ ತುದಿಯ ಕೂದಲು ಸಣ್ಣಗೆ ನಡುಗುತ್ತಿತ್ತು.