ಒಂದು ಮೀಟರ್ ಕಲ್ಲಿನ ಕರ್ಣ

“ಕಲ್ಲು ಕೊಯ್ದೂ ಕೊಯ್ದೂ ನಿನ್ನ ತಲೀನೂ ಕಲ್ಲಾಗೇತಿ ನೋಡಲೇ, ಹಣಮೇಶ!”

ಟ್ಯೂಷನ್ನಿನ ದುಂಡೇಶ ಸರ್ ಹೀಗೆಂದಾಗ ಹತ್ತನೆಯ ತರಗತಿಯ ಮಕ್ಕಳೆಲ್ಲ ನಕ್ಕರು. ಅವರ ನಡುವೆ ಮೀಸೆ ಬಂದವನು ನಾನೊಬ್ಬನೇ. ಎಂಟನೆಯ ತರಗತಿಗೇ ಶಾಲೆ ಬಿಟ್ಟು ಇಳಕಲ್ಲಿನ ಗ್ರಾನೈಟ್ ಕಾರ್ಖಾನೆ ಸೇರಿದವನು, ಈಗ ಹೊರಗಿನಿಂದ ಎಸ್ಸೆಸ್ಸೆಲ್ಸಿ ಕಟ್ಟಿದ್ದೇನೆ. ಪಾಸಾದರೆ ಹೊಸ ಮಷೀನು ನಡೆಸುವ ಕೆಲಸ, ಇಲ್ಲದಿದ್ದರೆ ಕಲ್ಲು ಹೊರುವುದೇ ಗತಿ. ಪಾಸಾಗದೆ ಉಳಿದದ್ದು ಗಣಿತವೊಂದೇ.

ನಾನು ಹೇಳಿದ್ದಾದರೂ ಏನು? ಸರ್ ಬೋರ್ಡಿನ ಮೇಲೆ ಒಂದು ಮೀಟರಿನ ಚೌಕ ಬರೆದರು. ಮೂಲೆಯಿಂದ ಮೂಲೆಗೆ ಗೆರೆ ಎಳೆದು, ಇದರ ಉದ್ದ ಎರಡರ ವರ್ಗಮೂಲ, ಅಭಾಗಲಬ್ಧ, ಬರೆಯುತ್ತ ಹೋದರೆ ಮುಗಿಯುವುದೇ ಇಲ್ಲ ಎಂದರು.

“ಮುಗೀತೈತ್ರಿ ಸರ್. ಇವತ್ತ ಅಂಥಾದ್ದ ಕಲ್ಲು ಮೂಲಿಯಿಂದ ಮೂಲಿಗೆ ಕೊಯ್ದು ಅಳದೇನಿ. ಸಾವಿರದ ನಾನೂರಾ ಹದಿನಾಲ್ಕು ಎಂ.ಎಂ.” ಎಂದೆ. ಅಷ್ಟೇ.

ಸರ್ ಮುಂದಿನ ಬೆಂಚಿನ ಹುಡುಗಿಯನ್ನು ಎಬ್ಬಿಸಿದರು. “ಜೈನಬಿ, 1.414ಕ್ಕ 1.414 ಗುಣಿಸವಾ.”

“1.999396 ಬಂತ್ರಿ.”

“ಎರಡಾತೇನಲೇ?”

“ಹಂಗಾರ 1415 ಇರಬೇಕ್ರಿ.”

“2.002225. ಹೆಚ್ಚಾತು!” ಕೇಳದಿದ್ದರೂ ಜೈನಬಿ ಹೇಳಿದಳು. ಮತ್ತೆ ನಗು.

ಸಿಟ್ಟು ನೆತ್ತಿಗೇರಿತು. “ಇನ್ನೂ ಸಣ್ಣ ಗೆರಿ ಇರೂ ಟೇಪ್ ತಂದ್ರ?”

“ಎಷ್ಟರ ಸಣ್ಣದ ತಾ, ಗೆರಿ ಮ್ಯಾಲ ಕೂಡೂದಿಲ್ಲ. ಯಾವ ಭಿನ್ನರಾಶಿಗೂ ಸಿಗೂದಿಲ್ಲ.”

“ಮೂರರಾಗ ಒಂದೂ ಮುಗಿಯೂದಿಲ್ಲಲ್ರಿ, ಬರೇ 333. ಅದ್ಯಾಕ ಭಾಗಲಬ್ಧ?”

“ಅದು ಬಂದದ್ದ ಬರ್ತೈತಿ. ಮೂರರಾಗ ಒಂದು ಅಂತ ಬರದ್ರ ಮುಗೀತು. ಇದನ್ನ ಹಂಗ ಬರಿಯಾಕ ಬರೂದಿಲ್ಲ.”

ಅವರ ಲೆಕ್ಕ ಖರೆ, ಜೈನಬಿಯ ಗುಣಾಕಾರವೂ ಖರೆ. ಆದರೆ ಬ್ಲೇಡು ಈ ಮೂಲೆಗೆ ಹೊಕ್ಕು ಆ ಮೂಲೆಗೆ ಹೊರಬಿದ್ದದ್ದನ್ನು ನಾನೇ ಕಂಡಿದ್ದೇನೆ. ಕಲ್ಲು ಎರಡು ತುಂಡಾಗಿ ಬಿದ್ದಿದೆ. ಮುಗಿಯದ ಉದ್ದವನ್ನು ಬ್ಲೇಡು ಮುಗಿಸಿದ್ದು ಹೇಗೆ?

“ಹಂಗಾರ ನನ್ನ ಕಲ್ಲು ಎಲ್ಲಿ ಮುಗೀತ್ರಿ ಸರ್?”

ಈ ಸಲ ಯಾರೂ ನಗಲಿಲ್ಲ. ಸರ್ ಕೈಗೆ ಹತ್ತಿದ ಸೀಮೆಸುಣ್ಣದ ಪುಡಿ ಝಾಡಿಸಿಕೊಂಡರು. ದನಿ ಮೆತ್ತಗಾಗಿತ್ತು, ಅದರಿಂದಲೇ ನನಗೆ ಇನ್ನೂ ಉರಿಯಿತು.

“ನೀ ತಿಳ್ಕೊಳ್ಳಾಕ ಹೋಗಬ್ಯಾಡಪಾ. ಸುಮ್ಮನ ‘ಅಭಾಗಲಬ್ಧ’ ಅಂತ ಬರಿ, ಮಾರ್ಕ್ಸ್ ಕೊಡ್ತಾರ, ಪಾಸಾಗ್ತಿ. ಬರೀತಿಯಿಲ್ಲೋ?”

ಪಾಸಂತೂ ಬೇಕಿತ್ತು. ಹೂಂ ಅಂದಿದ್ದರೆ ಮುಗಿಯುತ್ತಿತ್ತು. ತಿಳಿಯದ್ದನ್ನು ತಿಳಿದಂತೆ ಬರೆಯಲು ಮಾತ್ರ ಮನಸ್ಸು ಬಗ್ಗಲಿಲ್ಲ.

“ಏ ಹಣಮೇಶ, ನಿನ್ನ ಕೇಳಾಕತ್ತೇನಿ!”

ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದೆ.